ಗೆರೆಗೊಂದು ನೆಲೆ: ಗಣಿತದ ಚಿಹ್ನೆಗಳು ಅಚ್ಚಿಗೆ ಬಂದ ಕಥೆ

ಗಣಿತದ ಪುಟದಲ್ಲಿ ಕಾಣುವ ಪ್ರತಿಯೊಂದು ಚಿಹ್ನೆಗೂ ಎರಡು ಹುಟ್ಟುಗಳಿವೆ. ಲೆಕ್ಕ ಮಾಡುವವರ ಕೈಬರಹದಲ್ಲಿ ಅದು ಮೊದಲ ಬಾರಿ ಮೂಡುವುದು ಒಂದು ಹುಟ್ಟಾದರೆ, ಅಚ್ಚಿನ ಮೊಳೆಯಾಗಿಯೋ ಗಣಕಯಂತ್ರದ ಅಕ್ಷರವಾಗಿಯೋ ರೂಪ ತಳೆದು, ಬರೆದವರನ್ನು ಕಂಡರಿಯದ ಓದುಗರನ್ನು ತಲುಪುವುದು ಇನ್ನೊಂದು. ಮೊದಲನೆಯದಕ್ಕೆ ಒಂದು ಹಲಗೆ, ಒಂದು ಬಳಪ ಸಾಕು. ಎರಡನೆಯದಕ್ಕೆ ಆ ಗೆರೆಯ ಎತ್ತರ, ಅಗಲ, ಸಾಲಿನಲ್ಲಿ ಅದು ನಿಲ್ಲುವ ಜಾಗ, ಅಕ್ಕಪಕ್ಕದ ಅಂಕಿಗಳೊಡನೆ ಅದಕ್ಕಿರುವ ನಂಟು ಇವೆಲ್ಲವೂ ನಿಗದಿಯಾಗಬೇಕು. ಈ ಎರಡನೆಯ ಹುಟ್ಟಿನ ಚರಿತ್ರೆಯನ್ನು ಸಾಮಾನ್ಯವಾಗಿ ಯುರೋಪಿನ ಮುದ್ರಣಾಲಯಗಳಿಂದ ಆರಂಭಿಸುವುದು ವಾಡಿಕೆ. ಆದರೆ ಅದರ ಒಳಗುಟ್ಟನ್ನು ತಿಳಿಯಲು ಯಾದಗಿರಿ ಜಿಲ್ಲೆಯ ಒಂದು ಊರಿನ ಹಳೆಯ ಲೆಕ್ಕದ ಸಾಲೇ ಸಾಕಾಗುತ್ತದೆ.

ಶಹಾಪುರ ತಾಲ್ಲೂಕಿನ ವನದುರ್ಗವು ತನ್ನ ಕೋಟೆಯಿಂದ ಹೆಸರಾದ ಊರು. ಶಹಾಪುರ, ಸುರಪುರ, ಯಾದಗಿರಿಗಳನ್ನೊಳಗೊಂಡ ಈ ಸೀಮೆ 1948ರ ಸೆಪ್ಟೆಂಬರಿನವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದು, 1956ರ ನವೆಂಬರ್ 1ರಂದು ಅಂದಿನ ಮೈಸೂರು ರಾಜ್ಯಕ್ಕೆ ಸೇರಿತು. ನಿಜಾಮರ ಹಾಲಿ ಸಿಕ್ಕಾ ರೂಪಾಯಿಯಾಗಲಿ, ಕಲದಾರ್ ಎಂದು ಕರೆಯುತ್ತಿದ್ದ ಬ್ರಿಟಿಷ್ ಭಾರತದ ರೂಪಾಯಿಯಾಗಲಿ ಎರಡೂ 16 ಆಣೆಗಳದ್ದೇ ಆಗಿದ್ದವು. ಅಂಥ ಕಾಲದಲ್ಲಿ ಜೋಳದ ಚೀಲವೊಂದರ ಬೆಲೆ ನಾಲ್ಕು ರೂಪಾಯಿ ಹತ್ತು ಆಣೆ ಎಂಬುದನ್ನು ಲೆಕ್ಕದಲ್ಲಿ ಬರೆಯಬೇಕಾದರೆ, ಮೊದಲು ಕನ್ನಡದ ನಾಲ್ಕರ ಅಂಕಿ, ಅದರ ಪಕ್ಕದಲ್ಲಿ ಎರಡು ನಿಲುಗೆರೆ, ಆಮೇಲೆ ಒಂದರ ಕೆಳಗೊಂದು ಎರಡು ಅಡ್ಡಗೆರೆ, ಹೀಗೆ ‘೪||=’ ಎಂದು ಬರೆಯುವ ಕ್ರಮವಿತ್ತು. ಒಂದು ನಿಲುಗೆರೆಯೆಂದರೆ ಕಾಲು, ಎಂದರೆ ನಾಲ್ಕಾಣೆ. ಎರಡು ನಿಲುಗೆರೆ ಅರೆ, ಮೂರು ನಿಲುಗೆರೆ ಮುಕ್ಕಾಲು. ಅಡ್ಡವಾಗಿಯೋ ತುಸು ಓರೆಯಾಗಿಯೋ ಎಳೆದ ಒಂದು ಗೆರೆಯೆಂದರೆ ಒಂದಾಣೆ, ಎಂದರೆ ರೂಪಾಯಿಯ ಹದಿನಾರನೆಯ ಒಂದು ಪಾಲು. ಕನ್ನಡದ ಹಳೆಯ ಲೆಕ್ಕದಲ್ಲಿ ಹದಿನಾರನೆಯ ಒಂದು ಪಾಲಿಗೆ ವೀಸವೆಂಬ ಹೆಸರೂ ಇದೆ. ಕನ್ನಡದಲ್ಲಿ ಬರೆಯಲಿ, ಮೋಡಿ ಲಿಪಿಯಲ್ಲಿ ಬರೆಯಲಿ ಈ ಗೆರೆಗಳ ಅರ್ಥ ಬದಲಾಗುತ್ತಿರಲಿಲ್ಲ. ಹುಣಿಸೆಬೀಜದ ಅಂಟು ಮತ್ತು ಇದ್ದಿಲಿನ ಪುಡಿಯನ್ನು ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿದ ಕಡತದ ಮೇಲೆ ಬಳಪದಿಂದ ಎಳೆದ ಈ ಗೆರೆಗಳನ್ನು ಮಗ್ಗಿ ಕಲಿತವರೆಲ್ಲರೂ ಓದಬಲ್ಲವರಾಗಿದ್ದರು.

ಭಿನ್ನರಾಶಿಯ ಲೆಕ್ಕವು ಈ ಸೀಮೆಗೆ ಹೊಸದೇನೂ ಅಲ್ಲ. ಯಾದಗಿರಿಯ ನೆರೆಯ ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನಲ್ಲಿ, ಕಾಗಿನಾ ನದಿಯ ದಂಡೆಯ ಮೇಲಿರುವ ಮಳಖೇಡವು ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವಾಗಿದ್ದಾಗ, ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ, ಸುಮಾರು 850ರ ಹೊತ್ತಿಗೆ ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದರು. ಅದರಲ್ಲಿ ಭಿನ್ನರಾಶಿಗಳಿಗೆ ಮೀಸಲಾದ ಭಾಗಕ್ಕೆ ಕಲಾಸವರ್ಣವೆಂದು ಹೆಸರು. ಕಲೆಯೆಂದರೆ ಅಂಶ, ಚಂದ್ರನ ವಿಷಯದಲ್ಲಿ ಹೇಳುವಾಗ ಹದಿನಾರನೆಯ ಒಂದು ಪಾಲು. ಆದರೆ ಗ್ರಂಥವೆಲ್ಲ ಪದ್ಯರೂಪದಲ್ಲಿದ್ದು, ಲೆಕ್ಕದ ನಿಯಮಗಳು ಮಾತಿನಲ್ಲಿಯೇ ನಡೆಯುತ್ತವೆ; ಸಂಖ್ಯೆಗಳನ್ನು ಕಣ್ಣು ಎಂದರೆ ಎರಡು ಎಂಬಂತೆ ಪದಗಳಿಂದ ಸೂಚಿಸುವ ಭೂತಸಂಖ್ಯೆಯ ಪದ್ಧತಿಯೂ ಅಲ್ಲಿದೆ. 12ನೆಯ ಶತಮಾನದ ರಾಜಾದಿತ್ಯನು ಕನ್ನಡದಲ್ಲಿಯೇ ‘ವ್ಯವಹಾರಗಣಿತ’ವನ್ನು ಬರೆದಾಗಲೂ ಆಧಾರವಾದದ್ದು ನುಡಿಯೇ. ಬಾಯಿಪಾಠದ ಕಾಲದಲ್ಲಿ ಕಿವಿಗೆ ಕೇಳುವ ಪದ್ಯವೇ ಗಟ್ಟಿಯಾದ ದಾಖಲೆಯಾಗಿದ್ದುದರಿಂದ ಇದು ಕೊರತೆಯೆನಿಸಲಿಲ್ಲ.

ಹಾಗೆಂದು ಭಾರತದ ಗಣಿತದಲ್ಲಿ ಚಿಹ್ನೆಗಳಿರಲಿಲ್ಲವೆಂದಲ್ಲ. ಅದೇ 12ನೆಯ ಶತಮಾನದ ಭಾಸ್ಕರಾಚಾರ್ಯರ ಬೀಜಗಣಿತದಲ್ಲಿ ತಿಳಿಯದ ರಾಶಿಗೆ ‘ಯಾವತ್ತಾವತ್’ ಎಂಬ ಪದದ ಮೊದಲ ಅಕ್ಷರವಾದ ‘ಯಾ’, ಎರಡನೆಯ ರಾಶಿಗೆ ‘ಕಾಲಕ’ದಿಂದ ‘ಕಾ’, ಮೂರನೆಯದಕ್ಕೆ ‘ನೀಲಕ’ದಿಂದ ‘ನೀ’ ಎಂದು ಬರೆಯುತ್ತಿದ್ದರು. ಋಣಸಂಖ್ಯೆಯ ನೆತ್ತಿಯ ಮೇಲೆ ಒಂದು ಚುಕ್ಕೆ ಇಡುತ್ತಿದ್ದರು. ಭಿನ್ನರಾಶಿಯಲ್ಲಿ ಅಂಶವನ್ನು ಮೇಲೆ, ಛೇದವನ್ನು ಕೆಳಗೆ ಬರೆಯುವುದು ಇಲ್ಲಿನ ರೂಢಿ. ನಡುವಣ ಗೆರೆಯನ್ನು ಸೇರಿಸಿದವರು ಅರಬ್ ಗಣಿತಜ್ಞರು. ಇರುವ ಅಕ್ಷರಕ್ಕೆ ಹೊಸ ಕೆಲಸ ಕೊಡುವುದು, ಇರುವ ಅಂಕಿಗೆ ಒಂದು ಚುಕ್ಕೆ ಸೇರಿಸುವುದು, ಒಂದರ ಮೇಲೊಂದನ್ನು ಇಡುವುದು ಎಂಬ ಈ ಮೂರು ಉಪಾಯಗಳೇ ಮುಂದೆ ಅಚ್ಚಿನ ಕಾಲದಲ್ಲಿಯೂ ಗಣಕದ ಕಾಲದಲ್ಲಿಯೂ ಹೊಸ ಚಿಹ್ನೆಗಳನ್ನು ಮಾಡುವ ಮುಖ್ಯ ದಾರಿಗಳಾದವು.

ಯುರೋಪಿನಲ್ಲಿ ಕೂಡು, ಕಳೆ ಚಿಹ್ನೆಗಳು 1489ರಲ್ಲಿ ಯೋಹಾನೆಸ್ ವಿಡ್ಮನ್‌ನ ಪುಸ್ತಕದಲ್ಲಿ ಅಚ್ಚಾದವು. 1557ರಲ್ಲಿ ರಾಬರ್ಟ್ ರೆಕಾರ್ಡ್ ಎಂಬ ವೈದ್ಯ ಮತ್ತು ಗಣಿತಜ್ಞನು, ‘ಇದಕ್ಕೆ ಅದು ಸಮ’ ಎಂದು ಮತ್ತೆ ಮತ್ತೆ ಬರೆಯುವ ಬೇಸರವನ್ನು ನೀಗಲು ಒಂದೇ ಉದ್ದದ ಎರಡು ಸಮಾನಾಂತರ ಗೆರೆಗಳನ್ನು ಬಳಸಿದನು. ಅಂಥ ಜೋಡಿಗಿಂತ ಹೆಚ್ಚು ಸಮವಾದ ವಸ್ತುಗಳಿಲ್ಲವೆಂಬುದು ಅವನು ಕೊಟ್ಟ ಕಾರಣ. ಲೈಬ್ನಿಟ್ಸ್ 1675ರಲ್ಲಿ ಮೊತ್ತವೆಂಬ ಪದದ ಮೊದಲ ಅಕ್ಷರವನ್ನೇ ಉದ್ದವಾಗಿ ಎಳೆದು ಅನುಕಲನದ ಚಿಹ್ನೆಯನ್ನು ಮಾಡಿದನು. ಇಪ್ಪತ್ತನೆಯ ಶತಮಾನದಲ್ಲಿ ಆಂದ್ರೆ ವೇಯ್ಲ್ ಶೂನ್ಯಗಣಕ್ಕೆ ಚಿಹ್ನೆ ಬೇಕಾದಾಗ ನಾರ್ವೆಯ ವರ್ಣಮಾಲೆಯಲ್ಲಿದ್ದ, ಓರೆಗೆರೆ ಹಾದ ಓ ಅಕ್ಷರವನ್ನು ತೆಗೆದುಕೊಂಡನು. ಭಾಸ್ಕರಾಚಾರ್ಯರ ‘ಯಾ’ಕಾರಕ್ಕೂ ವೇಯ್ಲ್ ಆರಿಸಿದ ಅಕ್ಷರಕ್ಕೂ ಎಂಟು ಶತಮಾನಗಳ ಅಂತರವಿದ್ದರೂ ಉಪಾಯವೊಂದೇ.

ಸೀಸದ ಮೊಳೆಗಳ ಕಾಲದಲ್ಲಿ ಹೊಸ ಚಿಹ್ನೆಯೊಂದು ಬೇಕೆಂದರೆ ಉಕ್ಕಿನ ತುದಿಯಲ್ಲಿ ಅದರ ಆಕಾರವನ್ನು ಕೊರೆದು, ತಾಮ್ರದಲ್ಲಿ ಅಚ್ಚೊತ್ತಿ, ಆ ಅಚ್ಚಿಗೆ ಸೀಸದ ಎರಕ ಹೊಯ್ಯಬೇಕಾಗಿತ್ತು. ಕನ್ನಡದ ಅಚ್ಚುಮೊಳೆಗಳ ಆರಂಭದ ದಿನಗಳಲ್ಲಿ, 1817ರಲ್ಲಿ, ಶ್ರೀರಾಮಪುರದಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಅಚ್ಚಾಯಿತು. 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ ಹೊರಬಂದಾಗ ಅದು ಮೊಳೆಗಳಿಂದಲ್ಲ, ಕಲ್ಲಚ್ಚಿನಿಂದ ಬಂತು. ಕಲ್ಲಚ್ಚಿನಲ್ಲಿ ಕೈ ಬರೆದದ್ದೆಲ್ಲ ಹಾಗೆಯೇ ಮೂಡುತ್ತಿದ್ದುದರಿಂದ ಅಲ್ಲಿ ಯಾವ ಗೆರೆಗೂ ತಡೆಯಿರಲಿಲ್ಲ. ಮೊಳೆಯ ಕಾಲ ಬಂದಾಗ ಮೊಳೆಪೆಟ್ಟಿಗೆಯ ಮನೆಗಳಲ್ಲಿ ಇರುವ ಮೊಳೆಗಳಷ್ಟೇ ಬರಹದ ಎಲ್ಲೆಯಾಯಿತು. ಪದ್ಯದ ವಿರಾಮಕ್ಕೆಂದು ಎರಕ ಹೊಯ್ದ ನಿಲುಗೆರೆಯ ಮೊಳೆ ಕಾಲಿನ ಗುರುತಿಗೆ ಒದಗಬಲ್ಲದು. ಆದರೆ ವರ್ಗಮೂಲ, ಘಾತ, ಭಿನ್ನರಾಶಿಗಳು ಒಂದರೊಳಗೊಂದು ಸೇರಿದ ಸೂತ್ರ ಬಂದರೆ, ಮೊಳೆ ಜೋಡಿಸುವವರು ಸಣ್ಣ ಸೀಸದ ಪಟ್ಟಿಗಳನ್ನೂ ಹಿತ್ತಾಳೆಯ ಗೆರೆಗಳನ್ನೂ ಕೈಯಿಂದ ಕೂಡಿಸಿ, ಸಂದುಗಳನ್ನು ತುಂಬಿ ಕಟ್ಟಬೇಕಾಗುತ್ತಿತ್ತು. ಗಣಿತದ ಪುಸ್ತಕಗಳ ಮುದ್ರಣ ದುಬಾರಿಯಾಗಿದ್ದುದಕ್ಕೆ ಈ ಕೈಗೆಲಸವೇ ಮುಖ್ಯ ಕಾರಣ.

1957ರ ಏಪ್ರಿಲ್ 1ರಂದು ಭಾರತದಲ್ಲಿ ದಶಮಾಂಶ ನಾಣ್ಯಪದ್ಧತಿ ಜಾರಿಗೆ ಬಂದು ರೂಪಾಯಿಗೆ 100 ನಯಾಪೈಸೆಗಳಾದಾಗ ಆಣೆಯ ಗೆರೆಗಳ ದಿನನಿತ್ಯದ ಅಗತ್ಯವೇ ಇಲ್ಲವಾಯಿತು. ಶಾಲೆಗಳಲ್ಲಿ ಕಾಲು, ಅರೆ, ಮುಕ್ಕಾಲಿನ ಮಗ್ಗಿಗಳು ಹಿಂದೆ ಸರಿದವು. ಗೆರೆಗಳು ಮನೆಗಳ ಅಟ್ಟದ ಮೇಲಿನ ಕಡತಗಳಲ್ಲಿ, ಹಳೆಯ ಪತ್ರಗಳಲ್ಲಿ ಉಳಿದುಕೊಂಡವು.

ಇತ್ತ ಅಚ್ಚಿನ ಲೋಕದಲ್ಲಿ ಸೀಸ ಮರೆಯಾಗಿ ಛಾಯಾಕ್ಷರ ಜೋಡಣೆ ಬಂದಾಗ ಗಣಿತದ ಪುಟಗಳ ಅಂದ ಕೆಟ್ಟಿತು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಡೊನಾಲ್ಡ್ ಕನೂತ್ ಅವರು 1977ರಲ್ಲಿ ತಮ್ಮ ಪುಸ್ತಕವೊಂದರ ಎರಡನೆಯ ಆವೃತ್ತಿಯ ಕರಡು ಅಚ್ಚುಗಳನ್ನು ನೋಡಿ ನೊಂದು, ಅಕ್ಷರ ಜೋಡಣೆಗೆ ತಾವೇ ಒಂದು ತಂತ್ರಾಂಶವನ್ನು ರಚಿಸಲು ತೊಡಗಿದರು. ಅದಕ್ಕೆ ಅವರಿಟ್ಟ ಹೆಸರು ಟೆಕ್. ಕಲೆ ಮತ್ತು ಕುಶಲತೆ ಎರಡನ್ನೂ ಸೂಚಿಸುವ ಗ್ರೀಕ್ ಪದದ ಮೊದಲ ಅಕ್ಷರಗಳಿಂದ ಅದು ಬಂದಿದೆ. ಅದರ ಜೊತೆಯಲ್ಲಿ ಅಕ್ಷರಗಳ ಆಕಾರವನ್ನು ರೂಪಿಸಲು ಮೆಟಾಫಾಂಟ್ ಎಂಬ ಇನ್ನೊಂದು ತಂತ್ರಾಂಶವನ್ನೂ ಮಾಡಿದರು. ಮೆಟಾಫಾಂಟಿನಲ್ಲಿ ಅಕ್ಷರವನ್ನು ಚಿತ್ರವಾಗಿ ಬಿಡಿಸುವುದಿಲ್ಲ. ಲೇಖನಿಯ ತುದಿ ಎಷ್ಟು ದಪ್ಪ, ಅದು ಯಾವ ಬಿಂದುವಿನಿಂದ ಹೊರಟು ಯಾವ ಬಿಂದುವಿನ ಮೂಲಕ ಹೇಗೆ ಬಾಗಿ ಸಾಗಬೇಕು ಎಂಬುದನ್ನು ಸಮೀಕರಣಗಳಲ್ಲಿ ಹೇಳಲಾಗುತ್ತದೆ. ಕನೂತ್ ಅವರ ‘ಕಂಪ್ಯೂಟರ್ ಮಾಡರ್ನ್’ ಅಕ್ಷರಕುಟುಂಬವನ್ನು 62 ಅಳತೆಗಳು ನಿಯಂತ್ರಿಸುತ್ತವೆ. ಟೆಕ್ ತಂತ್ರಾಂಶದ ಪ್ರತಿ ಹೊಸ ಆವೃತ್ತಿಯ ಸಂಖ್ಯೆ ಪೈ ಎಂಬ ಸ್ಥಿರಾಂಕಕ್ಕೆ ಒಂದೊಂದು ಅಂಕಿಯಷ್ಟು ಹತ್ತಿರವಾಗುತ್ತ ಬಂದಿರುವುದು ಅವರು ಪರಿಪೂರ್ಣತೆಗೆ ಕೊಟ್ಟ ಬೆಲೆಯ ಗುರುತು.

ಟೆಕ್ ತಂದ ದೊಡ್ಡ ಬದಲಾವಣೆಯೆಂದರೆ, ಚಿಹ್ನೆಯ ಆಕಾರದ ಜೊತೆಗೆ ಅದರ ಜಾತಿಯನ್ನೂ ಕೇಳಿದ್ದು. ಅಂಕಿ, ಅಕ್ಷರಗಳಂಥವು ಸಾಮಾನ್ಯ ವರ್ಗಕ್ಕೆ ಸೇರುತ್ತವೆ. ಕೂಡು, ಕಳೆಗಳಂತೆ ಎರಡು ಪದಗಳ ನಡುವೆ ನಿಂತು ಕೆಲಸ ಮಾಡುವವು ಒಂದು ವರ್ಗ. ಸಮ, ಹೆಚ್ಚು, ಕಡಿಮೆ ಎಂಬಂಥ ಸಂಬಂಧ ಹೇಳುವವು ಇನ್ನೊಂದು. ದೊಡ್ಡ ಸಂಕಲನ ಚಿಹ್ನೆಯಂಥವು, ತೆರೆಯುವ ಆವರಣ, ಮುಚ್ಚುವ ಆವರಣ, ವಿರಾಮಚಿಹ್ನೆ ಇವುಗಳಿಗೆ ಬೇರೆ ಬೇರೆ ವರ್ಗಗಳು. ಅಕ್ಷರದ ಗಾತ್ರಕ್ಕೆ ಸಮನಾದ ಅಗಲವನ್ನು 18 ಪಾಲು ಮಾಡಿದರೆ, ಎರಡು ಪದಗಳನ್ನು ಕೂಡಿಸುವ ಚಿಹ್ನೆಯ ಎರಡೂ ಬದಿಗೆ 4 ಪಾಲು, ಸಂಬಂಧಸೂಚಕ ಚಿಹ್ನೆಯ ಎರಡೂ ಬದಿಗೆ 5 ಪಾಲು ಜಾಗವನ್ನು ತಂತ್ರಾಂಶ ತಾನಾಗಿಯೇ ಬಿಡುತ್ತದೆ.

ವನದುರ್ಗದ ಸೀಮೆಯ ಲೆಕ್ಕದ ಸಾಲನ್ನು ಈ ತಂತ್ರಾಂಶದಲ್ಲಿ ಜೋಡಿಸಲು ಹೊರಟರೆ ವರ್ಗದ ಮಹತ್ವ ತಿಳಿಯುತ್ತದೆ. ‘೪||=’ ಎಂಬಲ್ಲಿ ಕೊನೆಯ ಎರಡು ಅಡ್ಡಗೆರೆಗಳು ಎರಡಾಣೆ; ಆಕಾರದಲ್ಲಿ ಅವು ರೆಕಾರ್ಡ್‌ನ ಸಮಚಿಹ್ನೆಯನ್ನೇ ಹೋಲುತ್ತವೆ. ಗಣಿತದ ಸೂತ್ರವೆಂದು ಹೇಳಿ ಸುಮ್ಮನೆ ಅದೇ ಕೀಲಿಯನ್ನು ಒತ್ತಿದರೆ, ಟೆಕ್ ಅದನ್ನು ಸಂಬಂಧಸೂಚಕವೆಂದು ತಿಳಿದು, 10 ಪಾಯಿಂಟ್ ಗಾತ್ರದ ಬರಹದಲ್ಲಿ ನಿಲುಗೆರೆಗಳಿಂದ ಹೆಚ್ಚುಕಡಿಮೆ ಒಂದು ಮಿಲಿಮೀಟರ್ ದೂರ ಸರಿಸಿಬಿಡುತ್ತದೆ. ಆಗ ಓದುಗರ ಕಣ್ಣಿಗೆ ಅದು ಹತ್ತಾಣೆಯಾಗಿ ಕಾಣದೆ, ಬಲಭಾಗವನ್ನು ಬರೆಯಲು ಮರೆತ ಸಮೀಕರಣದಂತೆ ಕಾಣುತ್ತದೆ. ನಿಲುಗೆರೆಗಳಿಗೂ ಇದೇ ಅಪಾಯವಿದೆ: ಸಮಾನಾಂತರವೆಂಬ ಚಿಹ್ನೆಯ ಹೆಸರಿನಿಂದ ಅವನ್ನು ಕರೆದರೆ ಅರ್ಧವು ನಾಲ್ಕರಿಂದ ಬೇರ್ಪಡುತ್ತದೆ, ಬರಿಯ ನಿಲುಗೆರೆಗಳಾಗಿ ಬರೆದರೆ ಅಂಕಿಗೆ ಒತ್ತಿಕೊಂಡು ನಿಲ್ಲುತ್ತವೆ. ಪರಿಹಾರ ಸರಳವಾದದ್ದು. ಸಮಚಿಹ್ನೆಯನ್ನು ಬಳ್ಳಿಯಂತೆ ಬಳುಕಿದ ಒಂದು ಜೊತೆ ಆವರಣಗಳೊಳಗೆ ಇಟ್ಟರೆ ಅದು ತನ್ನ ಸಂಬಂಧಸೂಚಕ ಗುಣವನ್ನು ಕಳೆದುಕೊಂಡು ಸಾಮಾನ್ಯ ವರ್ಗಕ್ಕೆ ಸೇರಿ, ನಿಲುಗೆರೆಗಳ ಮಗ್ಗುಲಲ್ಲೇ ಉಳಿಯುತ್ತದೆ. 1980ರ ದಶಕದಲ್ಲಿ ಲೆಸ್ಲಿ ಲ್ಯಾಂಪೋರ್ಟ್ ಅವರು ಟೆಕ್‌ನ ಮೇಲೆ ಕಟ್ಟಿದ ಲಾಟೆಕ್‌ನಲ್ಲಿ ಈ ಜೋಡಣೆಗೆ ಬರೆಯುವವರು ತಮ್ಮದೇ ಒಂದು ಹೆಸರಿಟ್ಟು, ಮುಂದೆ ಆ ಹೆಸರನ್ನಷ್ಟೇ ಬರೆದು ನೂರು ಸಲ ಬಳಸಬಹುದು. ಘಾತಾಂಕದ ಸ್ಥಾನದಲ್ಲಿ 10 ಪಾಯಿಂಟಿನ ಅಕ್ಷರ 7ಕ್ಕೆ, ಅದರೊಳಗಿನ ಘಾತಾಂಕದಲ್ಲಿ 5ಕ್ಕೆ ಇಳಿಯುವುದರಿಂದ, ಹೊಸ ಚಿಹ್ನೆಯೂ ಆ ಗಾತ್ರಗಳಿಗೆ ತಕ್ಕಂತೆ ಕುಗ್ಗುವ ಏರ್ಪಾಡನ್ನು ಮಾಡಬೇಕು. ಇಷ್ಟಾದ ಮೇಲೆಯೇ ಒಂದು ಗೆರೆ ಚಿಹ್ನೆಯೆನಿಸಿಕೊಳ್ಳುತ್ತದೆ.

ಒಬ್ಬರು ಮಾಡಿದ ಚಿಹ್ನೆ ಎಲ್ಲರದಾಗಲು ಇನ್ನೂ ಒಂದು ಮೆಟ್ಟಿಲಿದೆ. ಅದಕ್ಕೆ ಕರ್ನಾಟಕದಲ್ಲಿಯೇ ಒಳ್ಳೆಯ ನಿದರ್ಶನವಿದೆ. 2010ರ ಜುಲೈ 15ರಂದು ಕೇಂದ್ರ ಸರ್ಕಾರವು ಡಿ. ಉದಯಕುಮಾರ್ ಅವರು ರೂಪಿಸಿದ ರೂಪಾಯಿ ಚಿಹ್ನೆಯನ್ನು ಒಪ್ಪಿಕೊಂಡಿತು. ಅದನ್ನು ಬರೆಯಲು ಯಾವ ಗಣಕದಲ್ಲಿಯೂ ಅನುಕೂಲವಿರಲಿಲ್ಲವಾದ್ದರಿಂದ, ಅದೇ ತಿಂಗಳಲ್ಲಿ ಮಂಗಳೂರಿನ ಫೊರಾಡಿಯನ್ ಟೆಕ್ನಾಲಜೀಸ್ ಸಂಸ್ಥೆಯು ಒಂದು ಫಾಂಟನ್ನು ಹೊರತಂದು, ಕೀಲಿಮಣೆಯಲ್ಲಿ ಒಂದರ ಅಂಕಿಯ ಎಡಕ್ಕಿರುವ ಕೀಲಿಯನ್ನು ಒತ್ತಿದರೆ ರೂಪಾಯಿ ಚಿಹ್ನೆ ಮೂಡುವಂತೆ ಮಾಡಿತು. ಆ ಫಾಂಟ್ ಇಲ್ಲದ ಗಣಕದಲ್ಲಿ ಅದೇ ಕಡತವನ್ನು ತೆರೆದರೆ ರೂಪಾಯಿಯ ಜಾಗದಲ್ಲಿ ಆ ಕೀಲಿಯ ಮೂಲ ಗುರುತೇ ಕಾಣುತ್ತಿತ್ತು. ಏಕೆಂದರೆ ಬದಲಾದದ್ದು ಆಕಾರ ಮಾತ್ರ, ಒಳಗಿನ ಸಂಕೇತಸಂಖ್ಯೆ ಹಳೆಯದೇ. ಅದೇ ವರ್ಷದ ಅಕ್ಟೋಬರಿನಲ್ಲಿ ಯೂನಿಕೋಡ್‌ನ 6.0 ಆವೃತ್ತಿಯು ರೂಪಾಯಿಗೆ ಪ್ರತ್ಯೇಕ ಸಂಖ್ಯೆಯನ್ನು ಕೊಟ್ಟ ಮೇಲೆ ಈ ತೊಡಕು ನೀಗುವ ದಾರಿ ತೆರೆಯಿತು. ಯೂನಿಕೋಡ್ ಎಂದರೆ ಜಗತ್ತಿನ ಲಿಪಿಗಳ ಪ್ರತಿಯೊಂದು ಅಕ್ಷರಕ್ಕೂ ಒಂದೊಂದು ಸಂಖ್ಯೆಯನ್ನು ನಿಗದಿ ಮಾಡುವ ಏಕರೂಪದ ವ್ಯವಸ್ಥೆ. 1991ರ ಮೊದಲ ಆವೃತ್ತಿಯಿಂದಲೇ ಕನ್ನಡ ಅದರಲ್ಲಿದೆ. ಇನ್ನೂ ಒಪ್ಪಿಗೆ ಸಿಗದ ಸ್ವಂತ ಚಿಹ್ನೆಗಳಿಗಾಗಿ ಅದು 6,400 ಸಂಖ್ಯೆಗಳ ಒಂದು ಖಾಸಗಿ ವಲಯವನ್ನೂ ಬಿಟ್ಟಿದೆ. ಅಲ್ಲಿನ ಚಿಹ್ನೆಗಳ ಅರ್ಥ ಪರಸ್ಪರ ಒಪ್ಪಿಕೊಂಡವರ ನಡುವೆ ಮಾತ್ರ ನಡೆಯುತ್ತದೆ.

ಕಾಲು, ಅರೆ, ಮುಕ್ಕಾಲು, ಆಣೆಗಳ ಗೆರೆಗಳಿಗೂ ಆ ಮಾನ್ಯತೆ ದೊರೆತಿದೆ. 2009ರಲ್ಲಿ ಬಂದ ಯೂನಿಕೋಡ್‌ನ 5.2 ಆವೃತ್ತಿಯಲ್ಲಿ ಭಾರತದ ಹಲವು ಲಿಪಿಗಳಿಗೆ ಸಾಮಾನ್ಯವಾದ ಹತ್ತು ಲೆಕ್ಕದ ಗುರುತುಗಳನ್ನು ಸೇರಿಸಲಾಯಿತು. ಅವುಗಳಲ್ಲಿ ನಾಲ್ಕನೆಯ ಒಂದು, ಅರ್ಧ, ಮುಕ್ಕಾಲು, ಹದಿನಾರನೆಯ ಒಂದು, ಎಂಟನೆಯ ಒಂದು, ಹದಿನಾರನೆಯ ಮೂರು ಎಂಬ ಆರು ಭಿನ್ನರಾಶಿಗಳಿವೆ. ಪಟ್ಟಿಯಲ್ಲಿ ಅವುಗಳಿಗೆ ಉತ್ತರ ಭಾರತದ ಹೆಸರು ಅಂಟಿಕೊಂಡಿದ್ದರೂ, ಕನ್ನಡವೂ ಅವನ್ನು ಬಳಸುವ ಲಿಪಿಗಳ ಸಾಲಿನಲ್ಲಿದೆ. ಯಾದಗಿರಿ ಪ್ರತ್ಯೇಕ ಜಿಲ್ಲೆಯಾದದ್ದೂ 2009ರ ಡಿಸೆಂಬರಿನಲ್ಲಿಯೇ. ಈ ಸೀಮೆಯ ಹಿರಿಯರು ಕಡತಗಳಲ್ಲಿ ಎಳೆದ ಗೆರೆಗಳು ಜಗತ್ತಿನ ಅಕ್ಷರಪಟ್ಟಿಗೆ ಸೇರಿದ ವರ್ಷವೂ ಅದೇ. ಯೂನಿಕೋಡ್ ಬರಹವನ್ನು ನೇರವಾಗಿ ಓದಬಲ್ಲ ಝೀಟೆಕ್‌ನಂಥ ತಂತ್ರಾಂಶಗಳು ಬಂದಿರುವುದರಿಂದ, ಈ ಗುರುತುಗಳುಳ್ಳ ಫಾಂಟ್ ಒಂದಿದ್ದರೆ ಸಮಚಿಹ್ನೆಯನ್ನು ಎರವಲು ತಂದು ಅದರ ಗುಣ ಕಳೆಯುವ ಪ್ರಯಾಸವೂ ಬೇಕಾಗುವುದಿಲ್ಲ.

ಇನ್ನು ಉಳಿದಿರುವುದು ಕನ್ನಡ ಬಲ್ಲವರ ಕೆಲಸ. ಕನ್ನಡ ಫಾಂಟ್ ರೂಪಿಸುವವರು ಅಂಕಿಗಳ ಜೊತೆಗೆ, ಅವುಗಳ ಎತ್ತರ ಮತ್ತು ದಪ್ಪಕ್ಕೆ ಹೊಂದುವಂತೆ, ಈ ಹತ್ತು ಗುರುತುಗಳನ್ನೂ ಬರೆಯಬೇಕು; ಹಳೆಯ ಲೆಕ್ಕಪತ್ರಗಳನ್ನು ಸಂಪಾದಿಸುವವರು ಗೆರೆಗಳನ್ನು ದಶಮಾಂಶಕ್ಕೆ ಬದಲಾಯಿಸಿ ಮೂಲವನ್ನು ಅಳಿಸದೆ, ಇದ್ದುದನ್ನು ಇದ್ದಂತೆ ಅಚ್ಚಿಗೆ ಕೊಡಬೇಕು. 4.625 ಎಂದು ಬರೆದರೆ ಮೊತ್ತ ತಪ್ಪಾಗುವುದಿಲ್ಲ; ಆದರೆ ನಾಲ್ಕು ರೂಪಾಯಿಯ ಮೇಲೆ ಎರಡು ಕಾಲು, ಅದರ ಮೇಲೆ ಎರಡಾಣೆ ಎಂದು ಒಂದೊಂದೇ ಗೆರೆ ಎಳೆಯುತ್ತ ಲೆಕ್ಕ ಕಟ್ಟಿದ ಕೈಯ ನಡಿಗೆ ಅದರಲ್ಲಿ ಕಾಣುವುದಿಲ್ಲ. ವನದುರ್ಗದ ಶಾಲೆಯ ಮಗುವೊಂದು ‘೪||=’ ಎಂಬ ಸಾಲನ್ನು ಅಚ್ಚಿನ ಪುಟದಲ್ಲಿ ಕಂಡು, ನಾಲ್ಕು ರೂಪಾಯಿ ಹತ್ತಾಣೆ ಎಂದು ತಡವರಿಸದೆ ಓದುವ ದಿನ ಆ ಗೆರೆಗಳ ಎರಡನೆಯ ಹುಟ್ಟು ಪೂರ್ಣವಾಗುತ್ತದೆ.