ಸರ್ವರ್ ರೀಸ್ಟಾರ್ಟ್ ಮಾಡೋ ಅಧಿಕಾರ ಯಾರಿಗೆ? ಹೆಲ್ತ್ ಪಾಲಿಸಿಗಳನ್ನು ಸ್ಕ್ರಿಪ್ಟ್‌ನಲ್ಲಿ ನಿಭಾಯಿಸೋದು

ನಮ್ಮ ಚಾನೆಲ್ ನೋಡೋರಲ್ಲಿ ತುಂಬಾ ಜನ ಪ್ರೊಡಕ್ಷನ್ ಸಪೋರ್ಟ್‌ನಲ್ಲಿದ್ದೀರಿ. ಹಿಂಜೆವಾಡಿ ಇರಲಿ, ಐರೋಳಿ ಇರಲಿ, ಹೈಟೆಕ್ ಸಿಟಿ ಇರಲಿ, ರಾತ್ರಿ ಎರಡು ಗಂಟೆಗೆ ಬರೋ ಫೋನು ಒಂದೇ ಥರ: "ಸೈಟ್ ನಿಧಾನ ಆಗಿದೆ, ಸ್ವಲ್ಪ ನೋಡಿ." ಲಾಗಿನ್ ಆಗ್ತೀವಿ, ಸರ್ವರ್ ರೀಸ್ಟಾರ್ಟ್ ಮಾಡ್ತೀವಿ, ಮಲಗ್ತೀವಿ. ಬೆಳಿಗ್ಗೆ ಕಾಲ್‌ನಲ್ಲಿ ಕಾರಣ ಕೇಳಿದ್ರೆ ಉತ್ತರ ಇರಲ್ಲ. ಉತ್ತರ ಇದ್ದದ್ದು ಆ ಸರ್ವರ್‌ನ ಮೆಮೊರಿಯಲ್ಲಿ; ರೀಸ್ಟಾರ್ಟ್ ಜೊತೆ ಅದೂ ಹೋಯ್ತು.

ಈ ಕೆಲಸವನ್ನು ಸರ್ವರ್‌ಗೇ ಒಪ್ಪಿಸೋ ವ್ಯವಸ್ಥೆಗೆ ಹೆಲ್ತ್ ಪಾಲಿಸಿ ಅಂತಾರೆ. ಇವತ್ತು ನಾನು ತಗೊಂಡಿರೋದು ಐಬಿಎಂನ ವೆಬ್‌ಸ್ಫಿಯರ್ ನೆಟ್‌ವರ್ಕ್ ಡಿಪ್ಲಾಯ್‌ಮೆಂಟ್. ಮೊದಲು ಇದು ಬೇರೆ ಪ್ರಾಡಕ್ಟ್‌ನಲ್ಲಿತ್ತು, 2012ರಲ್ಲಿ ಬಂದ 8.5 ಆವೃತ್ತಿಯಿಂದ ಇಂಟೆಲಿಜೆಂಟ್ ಮ್ಯಾನೇಜ್‌ಮೆಂಟ್ ಅನ್ನೋ ಹೆಸರಲ್ಲಿ ನೆಟ್‌ವರ್ಕ್ ಡಿಪ್ಲಾಯ್‌ಮೆಂಟ್ ಒಳಗೇ ಸೇರಿತು.

ಒಂದು ಪಾಲಿಸಿಯಲ್ಲಿ ನಾಲ್ಕು ವಿಷಯ ಇರತ್ತೆ. ಏನಾದ್ರೆ ಕಾಯಿಲೆ ಅಂತ ತಿಳೀಬೇಕು, ಆಗ ಏನು ಮಾಡಬೇಕು, ಯಾವ ಸರ್ವರ್‌ಗಳಿಗೆ ಇದು ಅನ್ವಯ, ಮತ್ತೆ ತಾನಾಗೇ ಮಾಡಬೇಕಾ, ಮನುಷ್ಯರನ್ನು ಕೇಳಿ ಮಾಡಬೇಕಾ. ಈ ನಾಲ್ಕನೇದನ್ನು ಜನ ಸುಮ್ಮನೆ ಕ್ಲಿಕ್ ಮಾಡಿ ಮುಂದೆ ಹೋಗ್ತಾರೆ. ನಿಜವಾಗಿ ದೊಡ್ಡ ನಿರ್ಧಾರ ಅದೇ.

ಕಾಯಿಲೆಗಳ ಪಟ್ಟಿ ನೋಡಿ. ಸರ್ವರ್ ಶುರುವಾಗಿ ಇಷ್ಟು ದಿನ ಆಯ್ತು ಅನ್ನೋದು ಒಂದು. ಹೀಪ್ ಮೆಮೊರಿ ಇಷ್ಟು ಪರ್ಸೆಂಟ್ ಮೇಲೆ ಇಷ್ಟು ಹೊತ್ತು ನಿಂತಿದೆ ಅನ್ನೋದು ಇನ್ನೊಂದು. ಮೆಮೊರಿ ಲೀಕ್, ಟೈಮ್‌ಔಟ್ ಆಗೋ ರಿಕ್ವೆಸ್ಟ್‌ಗಳು, ರೆಸ್ಪಾನ್ಸ್ ಸಮಯ ಏರೋದು, ಇವೂ ಇವೆ. ನನಗೆ ತುಂಬಾ ಇಷ್ಟವಾದದ್ದು ಸ್ಟಾರ್ಮ್ ಡ್ರೇನ್. ಒಂದು ಸರ್ವರ್‌ಗೆ ಡೇಟಾಬೇಸ್ ಸಂಪರ್ಕ ತಪ್ಪಿದೆ ಅಂದ್ಕೊಳ್ಳಿ. ಅದು ಕೆಲಸ ಮಾಡದೆ ಪಟ್ಟಂತ ಎರರ್ ಕಳಿಸತ್ತೆ. ರೂಟರ್‌ಗೆ ಕಾಣೋದು "ಅಬ್ಬಾ, ಎಷ್ಟು ಬೇಗ ಉತ್ತರ ಕೊಡ್ತಿದೆ" ಅಂತ. ಇನ್ನಷ್ಟು ರಿಕ್ವೆಸ್ಟ್ ಅಲ್ಲಿಗೇ ತಳ್ಳತ್ತೆ. ಮಳೆಗಾಲದಲ್ಲಿ ಬೀದಿ ನೀರೆಲ್ಲಾ ಒಂದೇ ಮೋರಿಗೆ ಹರಿದ ಹಾಗೆ, ಕೆಟ್ಟಿರೋ ಸರ್ವರ್‌ಗೇ ಎಲ್ಲಾ ಗಿರಾಕಿಗಳು. ಬರೀ ವೇಗ ನೋಡಿ ಆರೋಗ್ಯ ಅಳೀಬಾರದು ಅನ್ನೋದಕ್ಕೆ ಇದಕ್ಕಿಂತ ಉದಾಹರಣೆ ಬೇಡ.

ಈಗ ಕ್ರಮಗಳು. ರೀಸ್ಟಾರ್ಟ್ ಒಂದೇ ಅಲ್ಲ. ಥ್ರೆಡ್ ಡಂಪ್ ತೆಗೀಬಹುದು, ಹೀಪ್ ಡಂಪ್ ತೆಗೀಬಹುದು, ಎಸ್‌ಎನ್‌ಎಂಪಿ ಮೂಲಕ ಸುದ್ದಿ ಕಳಿಸಬಹುದು, ಸರ್ವರ್ ಅನ್ನು ಮೆಂಟೆನೆನ್ಸ್ ಮೋಡ್‌ಗೆ ಹಾಕಿ ಹೊಸ ಗಿರಾಕಿಗಳನ್ನು ಬೇರೆ ಕಡೆ ಕಳಿಸಬಹುದು. ಇವನ್ನು ಒಂದರ ಹಿಂದೆ ಒಂದು ಜೋಡಿಸಬಹುದು. ನನ್ನ ಮಾತಿನ ತಿರುಳು ಇಲ್ಲಿದೆ: ಯಾವ ಪಾಲಿಸಿಯಲ್ಲೂ ರೀಸ್ಟಾರ್ಟ್ ಮೊದಲನೇ ಹೆಜ್ಜೆ ಆಗಬಾರದು. ಮೊದಲು ಸಾಕ್ಷಿ, ಆಮೇಲೆ ರೀಸ್ಟಾರ್ಟ್. ಇಲ್ಲದಿದ್ರೆ ಪಾಲಿಸಿ ಕಾಯಿಲೆ ವಾಸಿ ಮಾಡಲ್ಲ, ಮುಚ್ಚಿಡತ್ತೆ. ಲೀಕ್ ಇರೋ ಅಪ್ಲಿಕೇಶನ್ ಎರಡು ದಿನಕ್ಕೊಮ್ಮೆ ತಾನೇ ಎದ್ದು ಕೂತ್ರೆ, ಡೆವಲಪರ್ ಟೀಮ್‌ಗೆ ಆ ಟಿಕೆಟ್ ಹೋಗೋದೇ ಇಲ್ಲ.

ಸಾಕ್ಷಿಗೂ ಬೆಲೆ ಇದೆ. ಹೀಪ್ ಡಂಪ್ ತೆಗೆಯೋವಾಗ ಜೆವಿಎಂ ನಿಲ್ಲತ್ತೆ. ಹೀಪ್ ದೊಡ್ಡದಾದಷ್ಟು ಹೆಚ್ಚು ಹೊತ್ತು. ಫೈಲ್‌ಗಳು ದೊಡ್ಡವು, ಡಿಸ್ಕ್ ತುಂಬಿದ್ರೆ ಪಕ್ಕದ ಸರ್ವರ್‌ಗಳೂ ಬೀಳ್ತವೆ. ಇನ್ನೊಂದು ವಿಷಯ ಬ್ಯಾಂಕ್, ಇನ್ಶೂರೆನ್ಸ್‌ನಲ್ಲಿರೋರು ಗಮನಿಸಿ: ಡಂಪ್‌ನ ಬಗೆ ಮತ್ತು ಸೆಟ್ಟಿಂಗ್ ಮೇಲೆ, ಮೆಮೊರಿಯಲ್ಲಿದ್ದ ಖಾತೆ ನಂಬರ್, ಪಾಸ್‌ವರ್ಡ್ ಎಲ್ಲಾ ಆ ಫೈಲ್‌ನಲ್ಲಿ ಇರಬಹುದು. ಅದನ್ನು ಮೇಲ್‌ನಲ್ಲಿ ಕಳಿಸೋದು, ಎಲ್ಲರೂ ಓದೋ ಫೋಲ್ಡರ್‌ನಲ್ಲಿ ಬಿಡೋದು ಮಾಡಬೇಡಿ.

ಸರಿ, ಇದಕ್ಕೆ ಸ್ಕ್ರಿಪ್ಟ್ ಯಾಕೆ? ಅಡ್ಮಿನ್ ಕನ್ಸೋಲ್‌ನಲ್ಲಿ ಕ್ಲಿಕ್ ಮಾಡಿ ಎಲ್ಲಾ ಮಾಡಬಹುದಲ್ಲ? ಮಾಡಬಹುದು. ಆದ್ರೆ ಟೆಸ್ಟ್‌ನಲ್ಲಿ 85 ಪರ್ಸೆಂಟ್ ಅಂತ ಹಾಕಿದ್ದು ಪ್ರೊಡಕ್ಷನ್‌ನಲ್ಲಿ 95 ಆಗಿರತ್ತೆ. ಹಬ್ಬದ ಸೇಲ್ ಇದೆ ಅಂತ ಯಾರೋ ಮನುಷ್ಯರನ್ನು ಕೇಳೋ ಸ್ಥಿತಿಯಿಂದ ತಾನಾಗೇ ಮಾಡೋ ಸ್ಥಿತಿಗೆ ಬದಲಾಯಿಸಿರ್ತಾರೆ, ವಾಪಸ್ ಹಾಕೋದು ಮರೆತಿರ್ತಾರೆ. ಸ್ಕ್ರಿಪ್ಟ್ ಗಿಟ್‌ನಲ್ಲಿದ್ರೆ ಯಾರು, ಯಾವತ್ತು, ಯಾಕೆ ಬದಲಾಯಿಸಿದ್ರು ಅನ್ನೋದು ಕಾಣತ್ತೆ. ಇನ್ನೊಬ್ಬರು ಓದಿ ಒಪ್ಪಿದ ಮೇಲೇ ಅದು ಓಡತ್ತೆ.

ವೆಬ್‌ಸ್ಫಿಯರ್‌ನಲ್ಲಿ ಇದಕ್ಕಿರೋ ಸಾಧನ ಡಬ್ಲ್ಯೂಎಸ್‌ಅಡ್ಮಿನ್. ಭಾಷೆ ಜೈಥಾನ್, ಅಂದ್ರೆ ಜಾವಾ ಮೇಲೆ ಓಡೋ ಪೈಥಾನ್ 2. ಪೈಥಾನ್ 3 ಕಲಿತು ಬಂದವರು ಸ್ವಲ್ಪ ಎಡವ್ತಾರೆ, ಅಷ್ಟೆ. ಸೆಟ್ಟಿಂಗ್‌ಗಳ ಕೆಲಸಕ್ಕೆ ಅಡ್ಮಿನ್‌ಕಾನ್ಫಿಗ್ ಅನ್ನೋ ಆಬ್ಜೆಕ್ಟ್ ಇದೆ. ಅದರ ಒಳಗೆ ಪಾಲಿಸಿಯ ಹೆಸರು ಹೆಲ್ತ್‌ಕ್ಲಾಸ್. ಪಾಲಿಸಿ ಅಂತ ಹುಡುಕಿದ್ರೆ ಸಿಗಲ್ಲ.

ಬದಲಾಯಿಸೋ ಮೊದಲು ಓದೋ ಸ್ಕ್ರಿಪ್ಟ್ ಬರೀರಿ. ಲಿಸ್ಟ್ ಕಮಾಂಡ್‌ನಿಂದ ಇರೋ ಪಾಲಿಸಿಗಳನ್ನೆಲ್ಲಾ ತೆಗೆದು, ಒಂದೊಂದನ್ನೂ ಶೋ ಕಮಾಂಡ್‌ನಿಂದ ಫೈಲ್‌ಗೆ ಬರೀರಿ. ಇಲ್ಲೊಂದು ಚಿಕ್ಕ ಗುಂಡಿ: ಲಿಸ್ಟ್ ಕೊಡೋದು ಪೈಥಾನ್ ಲಿಸ್ಟ್ ಅಲ್ಲ, ಸಾಲು ಸಾಲಾಗಿರೋ ಒಂದೇ ಸ್ಟ್ರಿಂಗ್. ಸ್ಪ್ಲಿಟ್‌ಲೈನ್ಸ್ ಮಾಡದೆ ಲೂಪ್ ಹಾಕಿದ್ರೆ ಒಂದೊಂದು ಅಕ್ಷರ ಬರತ್ತೆ. ಯಾವ ಯಾವ ಗುಣಗಳಿವೆ ಅಂತ ಊಹೆ ಮಾಡಬೇಡಿ, ಆಟ್ರಿಬ್ಯೂಟ್ಸ್ ಕಮಾಂಡ್ ಕೇಳಿದ್ರೆ ಸರ್ವರೇ ಹೇಳತ್ತೆ. ಟೆಸ್ಟ್‌ನದ್ದು, ಪ್ರೊಡಕ್ಷನ್‌ನದ್ದು ಎರಡು ಫೈಲ್ ಇಟ್ಟು ಡಿಫ್ ಹಾಕಿ. ನಿಮ್ಮ ಟೀಮ್ ಇದನ್ನು ಯಾವತ್ತೂ ಮಾಡಿಲ್ಲ ಅಂದ್ರೆ ವ್ಯತ್ಯಾಸ ಸಿಗೋ ಸಾಧ್ಯತೆ ಜಾಸ್ತಿ.

ಆಮೇಲೆ ಬದಲಾವಣೆ. ಮಾಡಿಫೈ ಮಾಡಿದ ತಕ್ಷಣ ಏನೂ ಆಗಲ್ಲ. ಸೇವ್ ಅನ್ನೋವರೆಗೂ ಅದು ಕರಡು. ಅದು ವರ. ಸೇವ್‌ಗೆ ಮೊದಲು ಕ್ವೆರಿಚೇಂಜಸ್ ಹಾಕಿ, ಯಾವ ಫೈಲ್‌ಗಳು ಬದಲಾಗಿವೆ ನೋಡಿ. ಬೇಡ ಅನ್ಸಿದ್ರೆ ರೀಸೆಟ್. ಸೇವ್ ಆದ ಮೇಲೆ ನೋಡ್‌ಗಳಿಗೆ ಸಿಂಕ್ ಮಾಡಿ. ಸ್ಕ್ರಿಪ್ಟ್ ಎರಡು ಸಲ ಓಡಿದ್ರೂ ಫಲ ಒಂದೇ ಇರಬೇಕು: ಪಾಲಿಸಿ ಇದ್ರೆ ತಿದ್ದಲಿ, ಇಲ್ಲದಿದ್ರೆ ಮಾತ್ರ ಹೊಸದು ಮಾಡಲಿ.

ಪಾಸ್‌ವರ್ಡ್ ಅನ್ನು ಕಮಾಂಡ್ ಲೈನ್‌ನಲ್ಲಿ ಬರೀಬೇಡಿ. ಆ ಮಷಿನ್‌ನಲ್ಲಿರೋ ಬೇರೆಯವರು ಪಿಎಸ್ ಕಮಾಂಡ್ ಹೊಡೆದ್ರೆ ಕಾಣಬಹುದು. ಸೋಪ್ ಕ್ಲೈಂಟ್ ಪ್ರಾಪರ್ಟೀಸ್ ಫೈಲ್‌ನಲ್ಲಿ ಹಾಕಬಹುದು, ಆದ್ರೆ ಅಲ್ಲಿ ಸಾಮಾನ್ಯವಾಗಿ ಆಗೋದು ಎಕ್ಸ್‌ಓಆರ್ ಎನ್‌ಕೋಡಿಂಗ್. ಅದನ್ನು ಯಾರು ಬೇಕಾದ್ರೂ ಬಿಡಿಸಬಹುದು. ಫೈಲ್ ಪರ್ಮಿಶನ್ ಬಿಗಿ ಮಾಡಿ.

ಕೊನೆಗೆ ಆ ನಾಲ್ಕನೇ ನಿರ್ಧಾರ. ಹೊಸ ಪಾಲಿಸಿಯನ್ನು ಮೊದಲು ಸೂಪರ್‌ವೈಸ್ಡ್ ಮೋಡ್‌ನಲ್ಲಿ ಇಡಿ. ಆಗ ಅದು ರೀಸ್ಟಾರ್ಟ್ ಮಾಡದೆ, "ಹೀಗೆ ಮಾಡಲಾ?" ಅಂತ ಒಂದು ಟಾಸ್ಕ್ ಮುಂದಿಡತ್ತೆ. ಒಪ್ಪೋದು ಬಿಡೋದು ನಿಮ್ಮದು. ಕೆಲವು ವಾರ ಲೆಕ್ಕ ಇಡಿ: ಎಷ್ಟು ಸಲ ಕೇಳಿತು, ಎಷ್ಟು ಸಲ ನೀವು ಹೂಂ ಅಂದ್ರಿ. ಪ್ರತಿ ಸಲ ಹೂಂ ಅಂದಿದ್ರೆ ಆಟೋಮ್ಯಾಟಿಕ್ ಮಾಡಿ, ರಾತ್ರಿ ನೆಮ್ಮದಿಯಾಗಿ ಮಲಗಿ. ಅರ್ಧ ಸಲ ಬೇಡ ಅಂದಿದ್ರೆ ಮಿತಿ ತಪ್ಪಾಗಿದೆ, ಸ್ಕ್ರಿಪ್ಟ್ ತಿದ್ದಿ. ಆಟೋಮ್ಯಾಟಿಕ್ ಆದ ಮೇಲೂ ರೀಸ್ಟಾರ್ಟ್‌ಗಳ ಲೆಕ್ಕ ವಾರಕ್ಕೊಮ್ಮೆ ಡೆವಲಪರ್‌ಗಳ ಮೇಜಿಗೆ ಡಂಪ್ ಸಮೇತ ಹೋಗಲಿ. ಸರ್ವರ್ ತಾನೇ ಎದ್ದಿತು ಅಂದ ಮಾತ್ರಕ್ಕೆ ಗುಣ ಆಯ್ತು ಅಂತಲ್ಲ.

ನೀವು ಟಾಮ್‌ಕ್ಯಾಟ್, ವೆಬ್‌ಲಾಜಿಕ್ ಅಥವಾ ಕುಬರ್ನೆಟಿಸ್ ಬಳಸ್ತಿದ್ರೆ ಕಮಾಂಡ್‌ಗಳು ಬೇರೆ, ಕೇಳಬೇಕಾದ ಪ್ರಶ್ನೆಗಳು ಇವೇ. ಸಂದೇಹ ಇದ್ರೆ ಕೇಳಿ, ಮಾತಾಡೋಣ.