ಊರು ಬಿಟ್ಟವನು ಕಟ್ಟಿದ ಕೂಟ

(ಸಂಘದ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ನಾಡಹಬ್ಬದ ದಿನ ರೋಟರಿ ಕ್ಲಬ್ಬಿನ ಮಾತೇಕೆ ಎಂದು ತಮ್ಮಲ್ಲಿ ಕೆಲವರಾದರೂ ಮನಸ್ಸಿನಲ್ಲೇ ಕೇಳಿಕೊಳ್ಳುತ್ತಿರಬಹುದು. ಪ್ರಶ್ನೆ ನ್ಯಾಯವಾದುದೇ. ಆ ಸಂಸ್ಥೆಗೆ 2025ನೆಯ ಇಸವಿ ಫೆಬ್ರುವರಿ 23ರಂದು 120 ವರ್ಷ ತುಂಬಿತು. ಅದೊಂದೇ ಕಾರಣವಾಗಿದ್ದರೆ ಒಂದು ಅಭಿನಂದನೆಯ ಕಾಗದ ಬರೆದು ಸುಮ್ಮನಾಗಬಹುದಿತ್ತು. ಆದರೆ ಅದನ್ನು ಹುಟ್ಟುಹಾಕಿದ ಮನುಷ್ಯನೂ ನಮ್ಮಂತೆಯೇ ಊರು ಬಿಟ್ಟು ದೊಡ್ಡ ಪಟ್ಟಣ ಸೇರಿದವನು. ಅವನಿಗೆ ಹೊಳೆದ ಉಪಾಯವೂ ನಮ್ಮ ಹಿರಿಯರಿಗೆ ಹೊಳೆದ ಉಪಾಯವೂ ಒಂದೇ. ಆದಕಾರಣ ಈ ಕಥೆಯನ್ನು ನಮ್ಮವರ ಮುಂದೆ ಹೇಳಬೇಕೆನ್ನಿಸಿತು.

ಆತನ ಹೆಸರು ಪಾಲ್ ಹ್ಯಾರಿಸ್. ಹುಟ್ಟಿದ್ದು 1868ರಲ್ಲಿ, ಅಮೆರಿಕದ ವಿಸ್ಕಾನ್ಸಿನ್ ಪ್ರಾಂತದಲ್ಲಿ. ಬೆಳೆದದ್ದು ಮಾತ್ರ ವರ್ಮಾಂಟ್ ಪ್ರಾಂತದ ವಾಲಿಂಗ್‌ಫರ್ಡ್ ಎಂಬ ಪುಟ್ಟ ಊರಿನಲ್ಲಿ, ಅಜ್ಜ ಅಜ್ಜಿಯರ ಮಡಿಲಲ್ಲಿ. ಎಲ್ಲರೂ ಎಲ್ಲರನ್ನೂ ಹೆಸರು ಹಿಡಿದು ಕರೆಯುವ ಊರು ಅದು. ವಕೀಲಿ ಓದಿದ ಮೇಲೆ ಐದು ವರ್ಷ ಲೋಕ ಸುತ್ತಿದ. ಪತ್ರಿಕೆಯಲ್ಲಿ ವರದಿಗಾರನಾದ, ಹೋಟೆಲಿನಲ್ಲಿ ಗುಮಾಸ್ತನಾದ, ದನ ಸಾಗಿಸುವ ಹಡಗಿನಲ್ಲಿ ಕೂಲಿಯಾಗಿ ಇಂಗ್ಲೆಂಡಿಗೂ ಹೋಗಿ ಬಂದ. ಕಡೆಗೆ 1896ರಲ್ಲಿ ಷಿಕಾಗೋ ನಗರಕ್ಕೆ ಬಂದು ಕಚೇರಿ ತೆರೆದ. ವಾರದ ದಿನಗಳೇನೋ ಕೆಲಸದಲ್ಲಿ ಕಳೆದುಹೋಗುತ್ತಿದ್ದುವು. ಭಾನುವಾರ ಬಂತೆಂದರೆ, ಹಬ್ಬ ಬಂತೆಂದರೆ, ಲಕ್ಷಾಂತರ ಜನರ ನಡುವೆ ತಾನೊಬ್ಬನೇ ಎನ್ನಿಸುತ್ತಿತ್ತು. ಚಾಳಿನ ಕೋಣೆಯಲ್ಲಿ ಮೊದಲ ದೀಪಾವಳಿ ಕಳೆದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

1900ರಲ್ಲಿ ಒಂದು ಸಂಜೆ ಸ್ನೇಹಿತನಾದ ಇನ್ನೊಬ್ಬ ವಕೀಲನ ಮನೆಯಲ್ಲಿ ಊಟ ಮುಗಿಸಿ ಇಬ್ಬರೂ ತಿರುಗಾಡಲು ಹೋದರು. ಆ ಸ್ನೇಹಿತ ದಾರಿಯುದ್ದಕ್ಕೂ ಅಂಗಡಿಯವರನ್ನೆಲ್ಲ ಮಾತನಾಡಿಸುತ್ತ, ಇವನಿಗೆ ಪರಿಚಯ ಮಾಡಿಸುತ್ತ ನಡೆದ. ಹಳ್ಳಿಯ ಆ ಸಲಿಗೆಯನ್ನು ಪಟ್ಟಣದಲ್ಲಿಯೂ ಬೆಳೆಸಬಹುದಲ್ಲ ಎಂಬ ಬೀಜ ಅಂದು ಬಿತ್ತು. ಮೊಳೆಯಲು ಐದು ವರ್ಷ ಹಿಡಿಯಿತು.

1905ರ ಫೆಬ್ರುವರಿ 23ರಂದು ಯೂನಿಟಿ ಬಿಲ್ಡಿಂಗಿನ 711ನೆಯ ಕೋಣೆಯಲ್ಲಿ ನಾಲ್ವರು ಕಲೆತರು. ಕೋಣೆ ಗಣಿ ಎಂಜಿನಿಯರಾದ ಗಸ್ಟಾವಸ್ ಲೋರ್‌ನದು. ಜೊತೆಗೆ ಕಲ್ಲಿದ್ದಲ ವ್ಯಾಪಾರಿ ಸಿಲ್ವೆಸ್ಟರ್ ಷೀಲೆ, ದರ್ಜಿ ವ್ಯಾಪಾರದ ಹೈರಮ್ ಷೋರಿ, ಮತ್ತು ಹ್ಯಾರಿಸ್. ಒಂದು ಕಸುಬಿಗೆ ಒಬ್ಬನೇ ಸದಸ್ಯ, ಸಭೆ ಸರದಿಯ ಮೇಲೆ ಒಬ್ಬೊಬ್ಬರ ಕಚೇರಿಯಲ್ಲಿ ಎಂದು ಗೊತ್ತುಮಾಡಿದರು. ಹೀಗೆ ಸಭೆ ಸುತ್ತುತ್ತಿದ್ದುದರಿಂದಲೇ ‘ರೋಟರಿ’ ಎಂಬ ಹೆಸರು ಬಂತು. ಬೇಗನೆ ಬಂದು ಸೇರಿದ ಹ್ಯಾರಿ ರಗಲ್ಸ್ ಎಂಬ ಮುದ್ರಣಕಾರ ಸಭೆಯಲ್ಲಿ ಎಲ್ಲರಿಂದಲೂ ಹಾಡು ಹೇಳಿಸುವ ಪದ್ಧತಿ ಹಾಕಿದ. ಕಾರ್ಯಕ್ರಮಕ್ಕೆ ಮುಂಚೆ ನಾಡಗೀತೆಗೆ ಎದ್ದು ನಿಲ್ಲುವ ನಮಗೆ ಇದು ಹೊಸದಾಗಿ ಕಾಣದು.

ಇಲ್ಲಿಯವರೆಗಿನದು ಸುಲಭವಾದ ಕಥೆ. ಒಂಟಿಯಾದವರು ಒಟ್ಟುಗೂಡಿದರು, ಹಾಡಿದರು, ಉಂಡರು. ನಿಜ ಹೇಳಬೇಕೆಂದರೆ ಆರಂಭದಲ್ಲಿ ಅವರ ಉದ್ದೇಶ ತಮ್ಮ ತಮ್ಮೊಳಗೆ ವ್ಯಾಪಾರ ಬೆಳೆಸಿಕೊಳ್ಳುವುದೂ ಆಗಿತ್ತು. ಯಾರಿಂದ ಯಾರಿಗೆ ಎಷ್ಟು ವ್ಯಾಪಾರ ಬಂತೆಂದು ಲೆಕ್ಕ ಇಡುವುದಕ್ಕೇ ಒಬ್ಬ ಪದಾಧಿಕಾರಿ ಇದ್ದ! ಆಗ, 1906ರಲ್ಲಿ, ಡೊನಾಲ್ಡ್ ಕಾರ್ಟರ್ ಎಂಬ ವಕೀಲನನ್ನು ಸದಸ್ಯನಾಗಲು ಕರೆದರು. ತನ್ನ ಸದಸ್ಯರ ಹೊರತು ಬೇರೆ ಯಾರಿಗೂ ಉಪಯೋಗವಾಗದ ಕ್ಲಬ್ಬಿಗೆ ಮುಂದೆ ಏನು ಗತಿ ಎಂದು ಆತ ಕೇಳಿದ. ಊರಿಗೂ ಏನಾದರೂ ಮಾಡುವುದಾದರೆ ಬರುತ್ತೇನೆಂದ. ನಮ್ಮ ಅಭಿಪ್ರಾಯದಲ್ಲಿ ರೋಟರಿ ನಿಜವಾಗಿ ಹುಟ್ಟಿದ್ದು ಈ ಪ್ರಶ್ನೆಯಿಂದ.

ಮೊದಲ ಸೇವೆ ಯಾವುದೆಂದು ಕೇಳಿದರೆ ನಗು ಬರಬಹುದು: ಸಾರ್ವಜನಿಕ ಶೌಚಾಲಯ. 1907ರಲ್ಲಿ ನಗರಸಭೆಯ ಸಮೀಪದಲ್ಲಿ ಅದನ್ನು ಕಟ್ಟಿಸಬೇಕೆಂದು ಕ್ಲಬ್ಬು ಹೊರಟಿತು. ವಿರೋಧ ಬಂದದ್ದು ಮದ್ಯ ತಯಾರಕರಿಂದಲೂ ದೊಡ್ಡ ಅಂಗಡಿಗಳವರಿಂದಲೂ. ಗಂಡಸರಿಗೆ ಸಾರಾಯಿ ಅಂಗಡಿಗಳಲ್ಲಿ, ಹೆಂಗಸರಿಗೆ ಜವಳಿ ಮಳಿಗೆಗಳಲ್ಲಿ ಆ ಅನುಕೂಲ ಇದ್ದೇ ಇದೆ ಎಂಬುದು ಅವರ ವಾದ. ಒಳಗೆ ಕಾಲಿಟ್ಟವನು ಏನಾದರೂ ಕೊಂಡೇ ಬರಬೇಕಲ್ಲ, ಅದು ಒಳಗುಟ್ಟು. ಕ್ಲಬ್ಬು ಪಟ್ಟು ಬಿಡಲಿಲ್ಲ; ಶೌಚಾಲಯ ಆಯಿತು. ದೊಡ್ಡ ನಗರದಲ್ಲಿ ಹೆಂಡತಿ ಮಕ್ಕಳೊಡನೆ ದಿನವೆಲ್ಲ ತಿರುಗಿದವರು ಇದನ್ನು ಸಣ್ಣ ಕೆಲಸವೆನ್ನಲಾರರು.

ಮುಂದಿನದನ್ನು ಬೇಗ ಹೇಳಿಬಿಡುತ್ತೇವೆ. 1910ರಲ್ಲಿ 16 ಕ್ಲಬ್ಬುಗಳು ಕೂಡಿ ಒಂದು ಒಕ್ಕೂಟವಾದುವು, ಹ್ಯಾರಿಸ್ ಅಧ್ಯಕ್ಷನಾದ. ಕೆನಡದ ವಿನಿಪೆಗ್ ಸೇರಿದ ಮೇಲೆ ದೇಶದ ಗಡಿ ದಾಟಿತು. 1917ರಲ್ಲಿ ಆರ್ಚ್ ಕ್ಲಂಫ್ ಎಂಬಾತ ಲೋಕಹಿತಕ್ಕಾಗಿ ಒಂದು ನಿಧಿ ಬೇಕೆಂದ. ಮೊದಲು ಬಂದ ಕಾಣಿಕೆ 26 ಡಾಲರು 50 ಸೆಂಟು. ಅದೇ ಇಂದಿನ ರೋಟರಿ ಫೌಂಡೇಷನ್. ಅದೇ ವರ್ಷ ಅದೇ ಷಿಕಾಗೋದಲ್ಲಿ ಮೆಲ್ವಿನ್ ಜೋನ್ಸ್ ಲಯನ್ಸ್ ಸಂಸ್ಥೆ ಕಟ್ಟಿದ್ದು ಬೇರೆಯೇ ಕಥೆ, ಇನ್ನೊಂದು ವರ್ಷಕ್ಕಿರಲಿ.

ಭಾರತಕ್ಕೆ ರೋಟರಿ ಬಂದದ್ದು 1919ರಲ್ಲಿ, ಕಲ್ಕತ್ತೆಗೆ. ಮುಂಬಯಿ ಮತ್ತು ಮದರಾಸಿನ ಕ್ಲಬ್ಬುಗಳು 1929ರಲ್ಲಿ ಆದುವು, ಬೆಂಗಳೂರಿನದು 1934ರಲ್ಲಿ. ಈ ಇಸವಿಗಳ ಪಕ್ಕದಲ್ಲಿ ನಮ್ಮವನ್ನೂ ಇಟ್ಟು ನೋಡಬಹುದು: ಮುಂಬಯಿಯ ಮೈಸೂರು ಅಸೋಸಿಯೇಷನ್ 1926ರದು, ಕರ್ನಾಟಕ ಸಂಘ 1933ರದು. ಅದೇ ಪಟ್ಟಣದ ಒಂದು ಬದಿಯಲ್ಲಿ ದೊಡ್ಡ ಕಂಪೆನಿಗಳ ಸಾಹೇಬರು ಊಟದ ಮೇಜಿನ ಸುತ್ತ ಕಲೆಯುತ್ತಿದ್ದಾಗ, ಇನ್ನೊಂದು ಬದಿಯಲ್ಲಿ ನಮ್ಮವರು ಹೋಟೆಲಿನ ಹುಡುಗರನ್ನು ಕೆಲಸ ಮುಗಿದ ಮೇಲೆ ಕೂಡಿಸಿ ಕನ್ನಡ ರಾತ್ರಿಶಾಲೆ ನಡೆಸುತ್ತಿದ್ದರು. ಲೋಟ ತೊಳೆದ ಕೈಯಲ್ಲಿ ಬಳಪ ಹಿಡಿದ ಆ ಹುಡುಗರಲ್ಲಿ ಓದಿ ಮುಂದೆ ಬಂದವರು ಅನೇಕರು. ಡೊನಾಲ್ಡ್ ಕಾರ್ಟರ್ ಅಲ್ಲಿಗೆ ಬಂದಿದ್ದರೆ ಪ್ರಶ್ನೆ ಕೇಳದೆಯೇ ಸದಸ್ಯನಾಗುತ್ತಿದ್ದ ಎಂದು ನಮಗೆ ಅನ್ನಿಸುತ್ತದೆ.

1962-63ರಲ್ಲಿ ಕಲ್ಕತ್ತೆಯ ನಿತೀಶ್ ಲಾಹಿರಿಯವರು ಅಂತರರಾಷ್ಟ್ರೀಯ ಅಧ್ಯಕ್ಷರಾದರು. ಏಷ್ಯದವರಿಗೆ ಆ ಪೀಠ ಸಿಕ್ಕಿದ್ದು ಅದೇ ಮೊದಲು.

ಹೊಗಳಿಕೆಯನ್ನು ಇಲ್ಲಿ ಸ್ವಲ್ಪ ನಿಲ್ಲಿಸಬೇಕು. ಲೋಕವೆಲ್ಲ ಒಂದೇ ಬಂಧುವರ್ಗವೆಂದು ಸಾರಿದ ಈ ಸಂಸ್ಥೆ ಹೆಂಗಸರನ್ನು ಮಾತ್ರ ಬಾಗಿಲ ಹೊರಗೇ ನಿಲ್ಲಿಸಿತ್ತು. ಕ್ಯಾಲಿಫೋರ್ನಿಯದ ಡ್ವಾರ್ಟಿ ಎಂಬಲ್ಲಿನ ಕ್ಲಬ್ಬು 1977ರಲ್ಲಿ ಮೂವರು ಮಹಿಳೆಯರನ್ನು ಸೇರಿಸಿಕೊಂಡಿತು. ಮರುವರ್ಷ ಆ ಕ್ಲಬ್ಬಿನ ಮಾನ್ಯತೆಯನ್ನೇ ಕಿತ್ತುಕೊಂಡರು. ವ್ಯಾಜ್ಯ ಮೇಲೇರುತ್ತ ಹೋಯಿತು. 1987ರ ಮೇ 4ರಂದು ಅಮೆರಿಕದ ಸುಪ್ರೀಂ ಕೋರ್ಟು ಮಹಿಳೆಯರ ಪರವಾಗಿ ತೀರ್ಪು ಕೊಟ್ಟಿತು, 1989ರಲ್ಲಿ ಲೋಕದಾದ್ಯಂತ ನಿಯಮ ಬದಲಾಯಿತು. ಅಂದರೆ 84 ವರ್ಷ! ಮಹಿಳೆಯೊಬ್ಬರು, ಕೆನಡದ ಜೆನಿಫರ್ ಜೋನ್ಸ್, ಅಧ್ಯಕ್ಷೆಯಾದದ್ದು 2022ರಲ್ಲಿ. ತಾಯಂದಿರು ಇದನ್ನು ಕೇಳಿ ನಗುತ್ತಿದ್ದೀರಿ. ಹೊರನಾಡಿನಲ್ಲಿ ಮಕ್ಕಳ ಬಾಯಲ್ಲಿ ಕನ್ನಡ ಉಳಿಸಿದವರು ಯಾರೆಂಬುದು ತಮಗೂ ಗೊತ್ತು, ನಮಗೂ ಗೊತ್ತು.

ಇನ್ನು ಪೋಲಿಯೋ ವಿಷಯ. ನಮಗೆ ಹೆಚ್ಚು ಹೇಳಬೇಕೆನಿಸಿದ್ದು ಇದನ್ನೇ. ಒಂದು ಕಾಲು ಸೊರಗಿ, ಮೊಣಕಾಲ ಮೇಲೆ ಕೈಯೂರಿ ನಡೆಯುವ ಮಕ್ಕಳು ಒಂದು ಕಾಲಕ್ಕೆ ಪ್ರತಿ ಶಾಲೆಯಲ್ಲೂ ಇದ್ದರು. 1979ರಲ್ಲಿ ಫಿಲಿಪೀನ್ಸಿನ ಮಕ್ಕಳಿಗೆ ಲಸಿಕೆ ಹಾಕಿಸಲು ಆರಂಭಿಸಿದ ರೋಟರಿ, 1985ರಲ್ಲಿ ಈ ರೋಗವನ್ನು ಭೂಮಿಯಿಂದಲೇ ಅಳಿಸಬೇಕೆಂದು ಹೊರಟಿತು. 12 ಕೋಟಿ ಡಾಲರು ಕೂಡಿಸಲು ಹೊರಟವರಿಗೆ 1988ರ ಹೊತ್ತಿಗೆ 24 ಕೋಟಿಗೂ ಮೀರಿ ಕೂಡಿತು. ಆ ವರ್ಷ ವಿಶ್ವ ಆರೋಗ್ಯ ಸಂಸ್ಥೆಯೂ ಕೈ ಜೋಡಿಸಿತು. ಆಗ 125 ದೇಶಗಳಲ್ಲಿ ವರ್ಷಕ್ಕೆ ಸುಮಾರು ಮೂರೂವರೆ ಲಕ್ಷ ಜನರಿಗೆ ಈ ರೋಗ ತಗಲುತ್ತಿತ್ತು.

ನಮ್ಮ ದೇಶದಲ್ಲಿ ಪಲ್ಸ್ ಪೋಲಿಯೋ 1995ರಲ್ಲಿ ಮೊದಲಾಯಿತು. ಕೆಲಸ ಸರಕಾರದ್ದು, ದುಡಿದವರು ಲಕ್ಷಾಂತರ ಕಾರ್ಯಕರ್ತೆಯರು. ರೋಟರಿಯವರು ಹಣ ತಂದರು, ಬೂತು ಹಾಕಿದರು, ಒಪ್ಪದವರ ಮನೆಗೆ ಹೋಗಿ ಮಾತನಾಡಿಸಿದರು. ಮಂಜುಗಡ್ಡೆ ಪೆಟ್ಟಿಗೆ ಹೆಗಲಿಗೇರಿಸಿ ಮನೆಮನೆ ಹತ್ತಿಳಿದು ಎರಡೆರಡು ಹನಿ ಹಾಕಿ, ಮಗುವಿನ ಬೆರಳಿಗೆ ಶಾಯಿ ಗುರುತು ಮಾಡಿ, ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದು ಹೋಗುತ್ತಿದ್ದರು. ಒಂದೊಂದು ಸುತ್ತಿಗೆ ಸುಮಾರು 17 ಕೋಟಿ ಮಕ್ಕಳು! ಆದರೂ 2009ರಲ್ಲಿ ಭಾರತದಲ್ಲಿ 741 ಮಕ್ಕಳಿಗೆ ರೋಗ ಬಂತು, ಲೋಕದ ಲೆಕ್ಕದಲ್ಲಿ ಹೆಚ್ಚುಕಡಮೆ ಅರ್ಧ. ಹನಿ ತಪ್ಪಿಸಿಕೊಳ್ಳುತ್ತಿದ್ದ ಮಕ್ಕಳು ಯಾರೆಂದು ಹುಡುಕಿದಾಗ, ಅವರಲ್ಲಿ ಅನೇಕರು ಕೂಲಿಗಾಗಿ ಊರಿಂದೂರಿಗೆ ಹೋಗುವವರ ಮಕ್ಕಳೆಂದು ಕಂಡುಬಂತು. ಇಟ್ಟಿಗೆ ಗೂಡಿನ ಬಳಿಯ ಗುಡಿಸಲು, ಕಟ್ಟುತ್ತಿರುವ ಕಟ್ಟಡದ ಕೆಳಗಿನ ಶೆಡ್ಡು. ಮನೆಯ ನಂಬರೇ ಇಲ್ಲದವನ ಮಗು ಯಾವ ಪಟ್ಟಿಯಲ್ಲಿ ಬಂದೀತು? ಆಮೇಲೆ ರೈಲು ನಿಲ್ದಾಣಗಳಲ್ಲಿ, ಬಸ್ ನಿಲ್ದಾಣಗಳಲ್ಲಿ, ಓಡುವ ರೈಲಿನೊಳಗೂ ಹನಿ ಹಾಕತೊಡಗಿದರು. 2010ರಲ್ಲಿ ಸಂಖ್ಯೆ 42ಕ್ಕೆ ಇಳಿಯಿತು. 2011ರಲ್ಲಿ ಒಂದೇ ಒಂದು: ಜನವರಿ 13ರಂದು, ಬಂಗಾಳದ ಹೌರಾ ಜಿಲ್ಲೆಯಲ್ಲಿ. ಅದೇ ಕೊನೆ. 2014ರ ಮಾರ್ಚ್ 27ರಂದು ನಮ್ಮ ದೇಶ ಪೋಲಿಯೋಮುಕ್ತವೆಂದು ಪ್ರಮಾಣಪತ್ರ ದೊರೆಯಿತು.

ನೆರೆಯ ಪಾಕಿಸ್ತಾನದಲ್ಲಿಯೂ ಆಫ್ಘಾನಿಸ್ತಾನದಲ್ಲಿಯೂ ರೋಗ ಇನ್ನೂ ಉಳಿದಿದೆ. ಆದ್ದರಿಂದ ಇಲ್ಲಿ ಹನಿ ಹಾಕುವುದನ್ನು ನಿಲ್ಲಿಸಿಲ್ಲ. ಐದು ವರ್ಷದೊಳಗಿನ ಮಕ್ಕಳಿರುವವರು ಪೋಲಿಯೋ ಭಾನುವಾರದಂದು ಬೂತಿಗೆ ಹೋಗುವಾಗ, ತಮ್ಮ ಬೀದಿಯ ಕೊನೆಯಲ್ಲಿ ಕಟ್ಟಡದ ಕೆಲಸಕ್ಕೆ ಬಂದಿರುವ ರಾಯಚೂರು, ಕಲಬುರಗಿ ಕಡೆಯ ಸಂಸಾರಗಳಿದ್ದರೆ ಅವರ ಮಕ್ಕಳನ್ನೂ ಕರೆದುಕೊಂಡು ಹೋಗಿ. ಭಾಷೆಯ ತೊಡಕಿನಿಂದ ಆ ತಾಯಂದಿರಿಗೆ ಬೂತು ಎಲ್ಲಿದೆಯೆಂಬುದೇ ತಿಳಿದಿರುವುದಿಲ್ಲ. ತಾವು ಕನ್ನಡದಲ್ಲಿ ಹೇಳಿದರೆ ಬರುತ್ತಾರೆ.