ನೆರೆಮನೆಯ ಮಾಡು



ಹಸಿದವರು ದಾಸೋಹದ ಮನೆಯನ್ನು ಅರಸಿ ಬರುವರು. ಸೋರುವ ಮಾಡಿನ ಕೆಳಗಿರುವ ಮುಪ್ಪಿನವರಾದರೋ ಬಾಯಿಬಿಟ್ಟು ಕೇಳರು. ಅಮೇರಿಕಾ ದೇಶದ ಟೆಕ್ಸಾಸ್ ಪ್ರಾಂತದ ಮಿಡ್‌ಲ್ಯಾಂಡ್ ಪಟ್ಟಣದಲ್ಲಿ 1973ರ ಏಪ್ರಿಲ್ ಮಾಸದಲ್ಲಿ ಕೆಲವು ಜನರು ಇದನ್ನರಿತು, ಸುತ್ತಿಗೆ ಗರಗಸಗಳನ್ನು ಹಿಡಿದು ಬಡ ವೃದ್ಧರ ಮನೆಗಳಿಗೆ ತಾವಾಗಿಯೇ ಹೋದರು. ಕೂಲಿಯನ್ನು ಬಯಸದೆ ಮುರಿದುದನ್ನು ಸರಿಪಡಿಸಿದರು. ಆ ಸೇವೆಗೆ ‘ಏಪ್ರಿಲಿನ ಕ್ರಿಸ್‌ಮಸ್’ ಎಂಬ ಹೆಸರಾಯಿತು. 1988ರಲ್ಲಿ ಅದು ದೇಶವ್ಯಾಪಿಯಾದ ಸಂಸ್ಥೆಯೇ ಆಯಿತು.

ಇದರ ಮರ್ಮವೇನು? ಮನೆ ಕುಸಿದರೆ ಮುದುಕಿಯು ಪರರ ಹಂಗಿಗೆ ಬೀಳುವಳು. ಸೋರದ ಮಾಡು, ಅಲುಗದ ಮೆಟ್ಟಲು, ಇಷ್ಟೇ ಆಕೆಯನ್ನು ತನ್ನ ಹೊಸ್ತಿಲೊಳಗೆ ಮಾನದಿಂದ ಬಾಳಿಸಬಲ್ಲುವು. ಮಾಡಿದೆನೆಂಬ ಅಹಂಕಾರವು ಉಳಿದರೆ ಅದು ಬರಿಯ ದಾನ, ಅಳಿದರೆ ದಾಸೋಹ. ಮಳೆಗಾಲಕ್ಕೆ ಮುನ್ನವೇ ನೆರೆಮನೆಯ ಮಾಡನ್ನು ನೋಡಿಬರುವುದು ಭಕ್ತರಾದವರ ಕಾಯಕವಾಗಲಿ.